ಬೆಂಕಿಯ ಪಾಲು

ಖಾನಾಪುರದಿಂದ ಬೆಳಗಾವಿಗೆ ಹೊರಡುವ ಎಂಟು ಗಂಟೆಯ ಬಸ್ಸಿನಲ್ಲಿ ಉಳವಪ್ಪನಿಗೆ ಕಿಟಕಿಯ ಬದಿಯ ಜಾಗ ಸಿಕ್ಕಿತ್ತು. ಸಿಕ್ಕಿದ್ದೇ ತಪ್ಪಾಯಿತು. ಪಕ್ಕದಲ್ಲಿ ಕುಳಿತ ದಪ್ಪ ಮನುಷ್ಯ ತನ್ನ ಮೈಯನ್ನೆಲ್ಲ ಇವನ ಕಡೆಗೇ ಇಳಿಬಿಟ್ಟು ನಿದ್ದೆಗೆ ಸಿದ್ಧನಾಗಿದ್ದ. ಸರಿದು ಕುಳಿತುಕೊಳ್ಳಿ ಎನ್ನಬೇಕೆಂದು ಉಳವಪ್ಪ ಎರಡು ಸಲ ಗಂಟಲು ಸರಿಮಾಡಿಕೊಂಡ, ಎನ್ನಲಿಲ್ಲ. ನಲವತ್ತಾರು ವರ್ಷದಲ್ಲಿ ಯಾರಿಗೂ ಸರಿದು ಕುಳಿತುಕೊಳ್ಳಿ ಎಂದವನಲ್ಲ ಅವನು. ತೊಡೆಯ ಮೇಲಿನ ಚೀಲವನ್ನು ಹೊಟ್ಟೆಗೆ ಇನ್ನಷ್ಟು ಒತ್ತಿಕೊಂಡ. ಚೀಲದಲ್ಲಿ ಹೆಂಡತಿ ಚಂದ್ರವ್ವ ಕಟ್ಟಿಕೊಟ್ಟ ಎರಡು ರೊಟ್ಟಿ ಇದ್ದವು, ಒಂದು ಹಳೆಯ ಟವೆಲ್ ಇತ್ತು, ಟವೆಲ್ಲಿನೊಳಗೆ ಒಂದು ಕೈಬಾಂಬು ಇತ್ತು. ಕೈಬಾಂಬು ಮಣ್ಣಿನದು. ಅದನ್ನು ಮಾಡಿದವನು ಅವನೇ. ಅದರ ಜೊತೆಗೆ ಅದೇ ಅಚ್ಚಿನಲ್ಲಿ ಹುಟ್ಟಿದ ಇನ್ನೆರಡು, ಈ ಹೊತ್ತಿನಲ್ಲಿ, ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ನಿಂತ ವಿಮಾನದೊಳಗೆ ಇಬ್ಬರು ಹುಡುಗರ ಕೈಯಲ್ಲಿದ್ದವು. ಬಸ್ಸಿನ ತುಂಬ ಅದೇ ಮಾತು. ನಿನ್ನೆ ಮುಂಜಾನೆ ಮುಂಬಯಿಗೆ ಹಾರಬೇಕಾಗಿದ್ದ ವಿಮಾನ ನೆಲ ಬಿಡುವ ಮೊದಲೇ ಇಬ್ಬರು ಎದ್ದು ನಿಂತು ಕೈಬಾಂಬು ತೋರಿಸಿದರಂತೆ, ಜೈಲಿನಲ್ಲಿರುವ ತಮ್ಮ ನಾಯಕನನ್ನು ಬಿಡದಿದ್ದರೆ ಇವತ್ತು ಸಂಜೆ ನಾಲ್ಕಕ್ಕೆ ನಲವತ್ತೊಂದು ಮಂದಿಯ ಸಮೇತ ವಿಮಾನ ಸುಡುತ್ತೇವೆ ಎಂದರಂತೆ, ಬೆಳಗಾವಿ ಕ್ಯಾಂಪಿನಿಂದ ಮಿಲಿಟರಿ ಹೋಗಿ ಸುತ್ತ ನಿಂತಿದೆಯಂತೆ, ಆದರೆ ಬಾಂಬಿಗೆ ಹೆದರಿ ಹತ್ತಿರ ಹೋಗುವ ಹಾಗಿಲ್ಲವಂತೆ. ಕಂಡಕ್ಟರ್ ಟಿಕೀಟು ಹರಿಯುತ್ತ ಇದನ್ನೆಲ್ಲ ತಾನೇ ಕಣ್ಣಾರೆ ಕಂಡವನ ಹಾಗೆ ಹೇಳುತ್ತಿದ್ದ. ಉಳವಪ್ಪನಿಗೆ ಅವನ ಬಾಯಿ ಮುಚ್ಚಿಸಬೇಕೆನಿಸಿತು. ಅವು ಮಣ್ಣಿನವು ಎಂದು ಒಂದು ಮಾತು ಅಂದರೆ ಸಾಕು, ಮಿಲಿಟರಿ ಒಳಗೆ ಹೋಗುತ್ತದೆ, ನಲವತ್ತೊಂದು ಮಂದಿ ಇಳಿದು ಮನೆಗೆ ಹೋಗುತ್ತಾರೆ. ಆ ಮಾತು ಹೇಳುವುದಕ್ಕೇ ಅವನು ಹೊರಟಿದ್ದ. ಕೇಳಿದವರು ನಂಬಲಿ ಎಂದೇ ಮೂರನೆಯದನ್ನು ಒಯ್ಯುತ್ತಿದ್ದ. ಎಲ್ಲರ ಎದುರಿಗೆ ಅದನ್ನು ನೆಲಕ್ಕೆ ಕುಕ್ಕಿದರೆ ಒಳಗಿನ ಮಣ್ಣು ಕಂಡೇ ಕಾಣುತ್ತದೆ.

ಖಾನಾಪುರದ ಪೊಲೀಸ್ ಠಾಣೆಯಲ್ಲಿಯೇ ಹೇಳಬಹುದಿತ್ತು. ಬೆಳಿಗ್ಗೆ ಅದರ ಗೇಟಿನ ತನಕ ಹೋಗಿಯೂ ಇದ್ದ. ಪೇದೆಯೊಬ್ಬ ಕಟ್ಟೆಯ ಮೇಲೆ ಕನ್ನಡಿ ಇಟ್ಟುಕೊಂಡು ಗಡ್ಡ ಕೆರೆಯುತ್ತಿದ್ದವನು, ಏನು ಎಂದೂ ಕೇಳದೆ, ನೀರಿನ ಹರವಿ ಸೋರುತ್ತಿದೆ, ಬರುವಾಗ ಒಂದು ಚಲೋದು ತಾ ಎಂದ. ಉಳವಪ್ಪ ಪಿಂಗಾಣಿ ಕಾರ್ಖಾನೆಯ ಅಚ್ಚಿನ ಕೆಲಸಗಾರ, ಇಪ್ಪತ್ತೆರಡು ವರ್ಷದಿಂದ ಹರವಿ ಮುಟ್ಟಿದವನಲ್ಲ. ಹೂಂ ಎಂದು ಹಿಂದಕ್ಕೆ ತಿರುಗಿದ. ಇಂಥ ದೊಡ್ಡ ಮಾತನ್ನು ಇಂಥ ಸಣ್ಣ ಜನರಿಗೆ ಯಾಕೆ ಹೇಳಬೇಕು, ಬೆಳಗಾವಿಗೇ ಹೋಗಿ ದೊಡ್ಡವರಿಗೆ ಹೇಳಿದರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಸಮಾಧಾನ ಸುಳ್ಳೆಂದು ಅವನಿಗೆ ಗೊತ್ತಿತ್ತು. ನಿನ್ನೆ ಸಂಜೆ ಧಾರವಾಡ ಆಕಾಶವಾಣಿಯ ವಾರ್ತೆಯಲ್ಲಿ ಇಬ್ಬರು, ಎರಡು ಬಾಂಬು ಎಂದು ಕೇಳಿದಾಗ ಅವನ ಮೈಯಲ್ಲಿ ಮೊದಲು ಎದ್ದದ್ದು ಹೆದರಿಕೆಯಲ್ಲ. ನಲವತ್ತೊಂದು ಜನ ಒಂದು ಹಗಲಿಡೀ ಕೈಯಳತೆಯಲ್ಲಿ ಕೂತು ನೋಡಿದರೂ ಯಾರಿಗೂ ಗೊತ್ತಾಗಿಲ್ಲ ಎಂಬ ಒಂದು ಕೆಟ್ಟ ಖುಷಿ. ಚಂದ್ರವ್ವ ಯಾಕೆ ನಗುತ್ತೀರಿ ಎಂದು ಕೇಳಿದಳು. ನಗಲಿಲ್ಲ, ಸುಮ್ಮನಿರು ಎಂದು ಗದರಿದ್ದ.

ಬಸ್ಸು ಮಲಪ್ರಭೆಯ ಸೇತುವೆ ದಾಟಿತು. ಕಾರ್ಖಾನೆಯ ಚಿಮಣಿಯಲ್ಲಿ ಹೊಗೆ ಇರಲಿಲ್ಲ, ಇವತ್ತು ಭಟ್ಟಿ ಒಡೆದು ಸುಟ್ಟ ಭರಣಿ ಹೊರಗೆ ತೆಗೆಯುವ ದಿನ. ಭಟ್ಟಿ ಒಡೆಯುವ ದಿನ ಎಂದರೆ ಮ್ಯಾನೇಜರ್ ಭರಮಣ್ಣನ ಬೆತ್ತದ ದಿನ. ಹೊರಗೆ ಸಾಲಾಗಿ ಇಟ್ಟ ಉಪ್ಪಿನಕಾಯಿ ಭರಣಿಗಳ ನಡುವೆ ಅವನು ಧೋತರದ ಚುಂಗು ಹಿಡಿದುಕೊಂಡು ನಡೆಯುತ್ತಾನೆ, ಒಂದೊಂದಕ್ಕೂ ಬೆತ್ತದಿಂದ ಒಂದೊಂದು ಪೆಟ್ಟು. ಠಣ್ ಎಂದರೆ ಮುಂದೆ, ದಪ್ ಎಂದರೆ ಅಲ್ಲೇ ನಿಲ್ಲುತ್ತಾನೆ. ಬಿರುಕು ಕಣ್ಣಿಗೆ ಕಾಣಬೇಕೆಂದಿಲ್ಲ, ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಸಿಕ್ಕಿದ್ದನ್ನು ತಾನು ಒಡೆಯುವುದಿಲ್ಲ. ಉಳವಪ್ಪನನ್ನು ಕರೆಯುತ್ತಾನೆ. ನಿನ್ನ ಕೂಸು, ನೀನ ಒಡಿ ಎನ್ನುತ್ತಾನೆ. ಮಣ್ಣು ಹೊರುವ ಹೆಂಗಸರು ಬುಟ್ಟಿ ಇಳಿಸಿ ನಿಂತು ನೋಡುತ್ತಾರೆ. ಉಳವಪ್ಪ ಭರಣಿಯನ್ನು ಎರಡೂ ಕೈಯಲ್ಲಿ ಎತ್ತಿ ಕಲ್ಲಿನ ಮೇಲೆ ಹಾಕುತ್ತಾನೆ. ಬಿರುಕು ಬಂದದ್ದು ಒಣಗಿಸಿದವರಿಂದಲೋ, ಬೆಂಕಿಯಿಂದಲೋ, ಮಣ್ಣಿನ ಕಲಬೆರಕೆಯಿಂದಲೋ, ಯಾರು ಕೇಳುತ್ತಾರೆ? ಅಚ್ಚು ಅವನದು, ಕೂಸು ಅವನದು. ಒಂದು ಸಲ ಠಣ್ ಎಂದ ಭರಣಿಯ ಮುಂದೆಯೂ ಭರಮಣ್ಣ ನಿಂತ. ಠಣ್ ಎಂದದ್ದು ಎಲ್ಲರಿಗೂ ಕೇಳಿಸಿತ್ತು. ಭರಮಣ್ಣ ಉಳವಪ್ಪನ ಮುಖ ನೋಡಿದ, ಉಳವಪ್ಪ ಭರಮಣ್ಣನ ಮುಖ ನೋಡಿದ, ಆಮೇಲೆ ಭರಣಿಯನ್ನು ಎತ್ತಿ ಒಡೆದ. ಹೆಂಗಸರು ನಕ್ಕರು. ಅವರು ನಕ್ಕದ್ದಕ್ಕಿಂತ, ಠಣ್ ಎಂದಿತ್ತಲ್ಲ ಎಂದು ಹೇಳದೆ ಒಡೆದ ತನ್ನ ಕೈಗಳನ್ನೇ ಉಳವಪ್ಪ ಹೆಚ್ಚು ದ್ವೇಷಿಸಿದ. ಭರಮಣ್ಣನನ್ನು ಅದಕ್ಕಿಂತಲೂ ಹೆಚ್ಚು ದ್ವೇಷಿಸಿದ.

ನಾಗಲಿಂಗ ಬಂದದ್ದು ಅದಾದ ಮೂರನೆಯ ದಿನ. ಟಿಳಕವಾಡಿಯಲ್ಲಿ ನಾಟಕ ಆಡಿಸುತ್ತೇನೆ ಎಂದು ಹೇಳಿಕೊಂಡ, ಗಡ್ಡ ಬಿಟ್ಟ ಇಪ್ಪತ್ತೇಳು ವರ್ಷದ ಹುಡುಗ. ಕಾರ್ಖಾನೆಗೆ ಬರಲಿಲ್ಲ, ನೇರ ಮನೆಗೆ ಬಂದ, ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕುಳಿತ, ಬೆಳಗಾವಿಯಲ್ಲಿ ವಿಚಾರಿಸಿದೆ, ಇಡೀ ಜಿಲ್ಲೆಯಲ್ಲಿ ನಿಮ್ಮಂಥ ಕಲಾವಿದರು ಇಲ್ಲವೆಂದರು ಎಂದ. ಕಲಾವಿದರು! ಒಳಗೆ ಚಹಾ ಕುದಿಸುತ್ತಿದ್ದ ಚಂದ್ರವ್ವನಿಗೂ ಆ ಮಾತು ಕೇಳಿಸಿತೇ ಎಂದು ಉಳವಪ್ಪ ಅತ್ತ ನೋಡಿದ್ದ. ನಾಟಕದಲ್ಲಿ ಯುದ್ಧದ ದೃಶ್ಯವಿದೆ, ಎರಡು ಕೈಬಾಂಬು ಬೇಕು, ಕಟ್ಟಿಗೆಯವು ಜನರನ್ನು ನಗಿಸುತ್ತವೆ ಎಂದು ಹೇಳಿ ನಾಗಲಿಂಗ ಕರವಸ್ತ್ರದಿಂದ ಮಾದರಿಯನ್ನು ಹೊರಗೆ ತೆಗೆದ. ಕ್ಯಾಂಪಿನ ನಿವೃತ್ತ ಹವಾಲ್ದಾರನೊಬ್ಬ ಮೇಜಿನ ಕಾಗದ ಹಾರದಂತೆ ಇಡುತ್ತಿದ್ದ, ಒಳಗಿನ ಮದ್ದು ತೆಗೆದ ಖರೇ ಬಾಂಬಿನ ಚಿಪ್ಪು ಅದು. ಉಳವಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದ. ಒಳ್ಳೆಯ ಅಚ್ಚಿನಿಂದ ಬಂದ ವಸ್ತು, ಗೆರೆಗಳು ನೆಟ್ಟಗಿದ್ದವು. ಅದರ ಮೇಲೇ ಅಚ್ಚು ಹಾಕಿದರೆ ಬರುವುದು ಸಣ್ಣ ಬಾಂಬು, ಯಾಕೆಂದರೆ ಮಣ್ಣು ಬೆಂಕಿಯಲ್ಲಿ ಎಂಟರಲ್ಲಿ ಒಂದು ಪಾಲು ಕುಗ್ಗುತ್ತದೆ. ತಿಳಿಯದವರು ಹಾಗೆಯೇ ಮಾಡಿ ಆಟಿಕೆ ಕೊಟ್ಟು ಕಳಿಸುತ್ತಿದ್ದರು. ಅವನು ಒಂದು ಭಾನುವಾರವಿಡೀ ಕೂತು ಕುಗ್ಗುವಷ್ಟು ದೊಡ್ಡದಾದ ಮೂಲವನ್ನು ಕೈಯಿಂದ ಕೊರೆದ, ಆಮೇಲೆ ಅಚ್ಚು ತೆಗೆದ. ಕೇಳಿದ್ದು ಎರಡು, ಅವನು ಹಾಕಿದ್ದು ಮೂರು. ಅದು ಅವರ ಮನೆಯ ಪದ್ಧತಿ. ಅಪ್ಪ ಹತ್ತು ಗಡಿಗೆ ಬೇಕೆಂದರೆ ಹನ್ನೊಂದು ಮಾಡುತ್ತಿದ್ದ, ಹನ್ನೊಂದನೆಯದು ಬೆಂಕಿಯ ಪಾಲು. ಬೆಂಕಿ ತನ್ನ ಪಾಲನ್ನು ಸೀಳಿಕೊಂಡರೆ ಸರಿ, ಬಿಟ್ಟುಕೊಟ್ಟರೆ ಅದನ್ನು ಭಟ್ಟಿಯ ಬಾಯಲ್ಲಿಯೇ ಒಡೆದುಬಿಡಬೇಕು, ಮನೆಗೆ ತರಬಾರದು, ಮಾರಬಾರದು. ಮೂರೂ ಚೊಕ್ಕವಾಗಿ ಸುಟ್ಟು ಬಂದವು. ಮೂರನೆಯದನ್ನು ಒಡೆಯಲು ಉಳವಪ್ಪ ಕೈ ಎತ್ತಿದ. ಇಪ್ಪತ್ತೆರಡು ವರ್ಷ ಇನ್ನೊಬ್ಬರು ಹೇಳಿದ್ದಕ್ಕೆ ಒಡೆದದ್ದಾಗಿತ್ತು, ಇದನ್ನಾದರೂ ಒಡೆಯುವುದಿಲ್ಲ ಎಂದು ಟವೆಲ್ಲಿನಲ್ಲಿ ಸುತ್ತಿ ಮನೆಗೆ ತಂದ.

ಆ ತನಕ ಅವನದು ತಪ್ಪೇನೂ ಇರಲಿಲ್ಲ ಎಂದು ಯಾರಾದರೂ ಹೇಳಬಹುದು. ಬಸ್ಸಿನ ಕಿಟಕಿಯ ಹೊರಗೆ ಗೋಡಂಬಿ ಗಿಡಗಳು ಓಡುತ್ತಿದ್ದಾಗ ಅವನೂ ಹಾಗೆಯೇ ಹೇಳಿಕೊಳ್ಳಲು ನೋಡಿದ. ಆದರೆ ಹಲಸಿಯ ದಿನವನ್ನು ಏನು ಮಾಡುವುದು? ಬಾಂಬುಗಳನ್ನು ನೋಡಿ ಕುಣಿದಾಡಿದ ನಾಗಲಿಂಗ ಮುಂದಿನ ವಾರ ಸ್ಕೂಟರ್ ತಂದು, ಬರ್ರಿ, ನಿಮಗೊಂದು ಜಾಗ ತೋರಿಸುತ್ತೇನೆ ಎಂದು ಹಲಸಿಯ ಹಳೆಯ ಗುಡಿಗಳಿಗೆ ಕರೆದುಕೊಂಡು ಹೋಗಿದ್ದ. ಖಾನಾಪುರದವನಾಗಿ ಉಳವಪ್ಪ ಆ ಗುಡಿಗಳನ್ನು ಹತ್ತು ಸಲ ನೋಡಿದ್ದ, ಯಾರೂ ಅವನಿಗೆ ತೋರಿಸಿರಲಿಲ್ಲ. ನಾಗಲಿಂಗ ಕಂಬದ ಮೇಲೆ ಅವನ ಅಂಗೈ ಇಡಿಸಿ, ಈ ಕೆಲಸ ಮಾಡಿದವನ ಹೆಸರು ಎಲ್ಲಿದೆ ಹೇಳಿ ಎಂದ. ರಾಜನ ಹೆಸರಿದೆ, ದಾನ ಕೊಟ್ಟವನ ಹೆಸರಿದೆ, ಉಳಿ ಹಿಡಿದವನ ಹೆಸರಿಲ್ಲ ಎಂದ. ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತ ಇನ್ನೂ ಏನೇನೋ ಮಾತಾಡಿದ. ಜೈಲಿನಲ್ಲಿ ಕೊಳೆಯುತ್ತಿರುವ ಒಬ್ಬರ ವಿಷಯ, ದೊಡ್ಡವರ ಎದೆ ನಡುಗಿಸದೆ ಸಣ್ಣವರ ಮಾತು ಯಾರೂ ಕೇಳುವುದಿಲ್ಲ ಎಂಬ ವಿಷಯ. ಕೊನೆಗೆ ತಗ್ಗಿದ ದನಿಯಲ್ಲಿ, ‘ನಾಟಕ ಅಂದ್ರ ರಂಗದ ಮ್ಯಾಲೆ ಆಡೂದಷ್ಟ ಅಲ್ರಿ. ನೋಡಾವರಿಗೆ ನಾಟಕ ಅಂತ ಗೊತ್ತ ಇರಬಾರದು, ಅದು ಖರೇ ನಾಟಕ,’ ಎಂದ. ಉಳವಪ್ಪನಿಗೆ ತಿಳಿಯಿತು. ಪೂರ್ತಿ ತಿಳಿಯಲಿಲ್ಲ, ವಿಮಾನ ಎಂದು ತಿಳಿಯಲಿಲ್ಲ, ಆದರೆ ಆ ಬಾಂಬುಗಳನ್ನು ನೋಡುವವರು ಟಿಕೀಟು ತೆಗೆದುಕೊಂಡು ಬಂದ ಪ್ರೇಕ್ಷಕರಲ್ಲ ಎಂಬಷ್ಟು ತಿಳಿಯಿತು. ತಿಳಿದ ಮೇಲೆ ಅವನು ಮಾಡಿದ್ದು ಏನು? ಶೇಂಗಾದ ಸಿಪ್ಪೆ ಕೊಡವಿಕೊಂಡು, ಆ ಎರಡನ್ನೂ ನನಗೆ ವಾಪಸು ಕೊಡು ಎಂದ. ನಾಗಲಿಂಗ ಗಾಬರಿಯಾಗಿ ಯಾಕೆ ಎಂದು ಕೇಳಿದ್ದಕ್ಕೆ, ಅವು ಹಗುರ ಇವೆ, ಒಳಗೆ ಪೊಳ್ಳು, ಹಿಡಿದವನ ಕೈಗೆ ಸುಳ್ಳು ಗೊತ್ತಾದರೆ ಅವನ ಮುಖದಲ್ಲಿಯೂ ಗೊತ್ತಾಗುತ್ತದೆ, ಒಳಗೆ ತೂಕ ತುಂಬಿಕೊಡುತ್ತೇನೆ ಎಂದ. ತೂಕ ಬೇಕೆಂದು ನಾಗಲಿಂಗ ಕೇಳಿರಲಿಲ್ಲ. ಅವನಿಗೆ ಅದು ಹೊಳೆದೂ ಇರಲಿಲ್ಲ. ಕೇಳದೆ ಕೊಟ್ಟದ್ದು ಉಳವಪ್ಪ.

ತೂಕ ತುಂಬಿದ, ಕರಿ ಬಣ್ಣ ಬಳಿದ, ಮೇಣ ಉಜ್ಜಿ ಕಬ್ಬಿಣದ ಹೊಳಪು ತರಿಸಿದ, ಖರೇ ಚಿಪ್ಪಿನಲ್ಲಿದ್ದಂಥ ಉಂಗುರವನ್ನು ತಂತಿಯಲ್ಲಿ ಬಗ್ಗಿಸಿ ಹಾಕಿದ. ಮನೆಯಲ್ಲಿದ್ದ ಮೂರನೆಯದಕ್ಕೂ ಅಷ್ಟೇ ಶ್ರದ್ಧೆಯಿಂದ ಮಾಡಿದ, ಯಾತಕ್ಕೆ ಎಂದು ಕೇಳಿಕೊಳ್ಳಲಿಲ್ಲ. ಎರಡನೆಯ ಸಲ ಭಟ್ಟಿಯ ಮೂಲೆಯ ಸಣ್ಣ ಬೆಂಕಿಯಲ್ಲಿ ಅವನ್ನು ಕಾಸುವಾಗ ರಸೂಲಸಾಬ ಬಂದು ನಿಂತ. ರಸೂಲಸಾಬ ಭಟ್ಟಿಗೆ ಬೆಂಕಿ ಕೊಡುವವನು, ಉಳವಪ್ಪನಿಗಿಂತ ಹತ್ತು ವರ್ಷ ದೊಡ್ಡವನು, ಮಾತು ಕಡಿಮೆ. ಮೊದಲ ಸಲ ನಾಟಕಕ್ಕೆ ಎಂದಾಗ ನಕ್ಕು ಭರಣಿಗಳ ಸಂದಿಯಲ್ಲಿ ಜಾಗ ಮಾಡಿಕೊಟ್ಟಿದ್ದ. ಈಗ ಒಂದನ್ನು ಎತ್ತಿ ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿದ.

‘ನಾಟಕದಾಗ ದೂರ ಕೂತಾವರಿಗೆ ತೂಕ ಹೆಂಗ ಕಾಣತದೋ ಉಳವಪ್ಪ?’ ಎಂದ.

ಉಳವಪ್ಪ ಕೆಂಡ ಕೆದಕತೊಡಗಿದ. ರಸೂಲಸಾಬ ಬಾಂಬನ್ನು ಇದ್ದಲ್ಲಿಯೇ ಇಟ್ಟು, ಮುಖ ಒರೆಸಿಕೊಂಡು ಹೋದ. ಆಮೇಲೆ ಅವನು ಮೊದಲಿನಂತೆ ಚಹಾ ಕುಡಿಯಲು ಕರೆಯಲಿಲ್ಲ. ಆ ಮುದುಕನ ಮೇಲೆಯೂ ಉಳವಪ್ಪನಿಗೆ ಸಿಟ್ಟು ಬಂತು. ಅಷ್ಟು ತಿಳಿದವನಾಗಿದ್ದರೆ ಬೆಂಕಿ ಯಾಕೆ ಕೊಟ್ಟ?

ಟಿಳಕವಾಡಿಯ ರೈಲ್ವೆ ಗೇಟಿನ ಹತ್ತಿರ ಬಸ್ಸು ನಿಂತಾಗ ಉಳವಪ್ಪ ಇಳಿದುಬಿಟ್ಟ. ಸಾಂಬ್ರಾದ ಬಸ್ಸು ಹಿಡಿಯಬೇಕಾದರೆ ಊರೊಳಗಿನ ಸ್ಟ್ಯಾಂಡಿನ ತನಕ ಹೋಗಬೇಕಿತ್ತು, ಇಲ್ಲಿ ಇಳಿಯುವ ಕಾರಣವೇನೂ ಇರಲಿಲ್ಲ. ಒಂಬತ್ತೂವರೆ. ನಾಲ್ಕಕ್ಕೆ ಇನ್ನೂ ಬೇಕಾದಷ್ಟು ಹೊತ್ತಿದೆ ಎಂದುಕೊಂಡ. ಗೇಟಿನ ಪಕ್ಕದ ಅಂಗಡಿಯಲ್ಲಿ ಚಹಾ ಕುಡಿದ. ಬಾಕಿನ ಮೇಲೆ ಯಾರೋ ಬಿಟ್ಟುಹೋದ ಪತ್ರಿಕೆಯಲ್ಲಿ ವಿಮಾನದಲ್ಲಿ ಸಿಕ್ಕಿಬಿದ್ದವರ ಹೆಸರುಗಳನ್ನು ಹಾಕಿದ್ದರು. ನಾಗಲಿಂಗನ ಹೆಸರು ಮೊದಲ ಸಾಲಿನಲ್ಲಿ, ಸಿಕ್ಕಿಬಿದ್ದವರ ಪೈಕಿಯೇ ಇತ್ತು, ಯಾರು ಹಿಡಿದವರು ಯಾರು ಸಿಕ್ಕವರು ಎಂದು ಪತ್ರಿಕೆಯವರಿಗೆ ಗೊತ್ತಾಗಿರಲಿಲ್ಲ. ಬೆರಳು ಇಟ್ಟು ಕೆಳಗೆ ಇಳಿಯುತ್ತಿದ್ದವನು ಹದಿನೇಳನೆಯ ಹೆಸರಿನ ಮೇಲೆ ನಿಂತ. ಖಾನಾಪುರದ ಪಿಂಗಾಣಿ ಕಾರ್ಖಾನೆಯ ವ್ಯವಸ್ಥಾಪಕ ಭರಮಣ್ಣ, ಟಿಳಕವಾಡಿ. ಮುಂಬಯಿಗೆ ಆರ್ಡರು ತರಲು ಹೋಗುತ್ತೇನೆ, ಈ ಸಲ ರೈಲಲ್ಲ, ವಿಮಾನ ಎಂದು ವಾರದಿಂದ ಅಂಗಳದಲ್ಲಿ ಕೇಳಿಸುವ ಹಾಗೆ ಹೇಳಿಕೊಂಡು ತಿರುಗಿದ್ದು ನೆನಪಾಯಿತು. ಉಳವಪ್ಪ ಇನ್ನೊಂದು ಚಹಾ ಹೇಳಿದ. ಬೆತ್ತವಿಲ್ಲದ ಭರಮಣ್ಣ, ಸಣ್ಣ ಸೀಟಿನಲ್ಲಿ ಮುದುಡಿ ಕೂತ ಭರಮಣ್ಣ, ನಿನ್ನೆಯಿಂದ ಅದೇ ಧೋತರದಲ್ಲಿ, ಕಣ್ಣೆದುರಿಗೆ ಒಂದು ಮೊಳ ದೂರದಲ್ಲಿ ಉಳವಪ್ಪನ ಕೈಕೆಲಸ. ಈಗ ತಟ್ಟಿ ನೋಡಲಿ ಠಣ್ ಅನ್ನುತ್ತದೋ ದಪ್ ಅನ್ನುತ್ತದೋ. ಚಹಾ ಬಿಸಿಯಾಗಿ, ಸಿಹಿಯಾಗಿ, ಬಹಳ ಚೆನ್ನಾಗಿತ್ತು. ಇಷ್ಟು ಚೆನ್ನಾಗಿ ಅನಿಸಬಾರದು ಎಂದು ಅವನಿಗೆ ಅನಿಸಿತು, ಆದರೂ ಅನಿಸುತ್ತಲೇ ಇತ್ತು.

ಅಲ್ಲಿಂದ ಎದ್ದವನ ಕಾಲು ಭರಮಣ್ಣನ ಮನೆಯ ಓಣಿಗೆ ತಿರುಗಿದವು. ಹಬ್ಬಕ್ಕೆ, ಮದುವೆಗೆ ಭರಣಿ ಹೊತ್ತು ಹಿತ್ತಲ ಬಾಗಿಲಿಗೆ ಹೋಗಿ ಗೊತ್ತಿದ್ದ ಮನೆ. ಮುಂದಿನ ಮೆಟ್ಟಿಲ ತುಂಬ ಬಂದವರ ಚಪ್ಪಲಿಗಳು. ಸುಮ್ಮನೆ ದಾಟಿ ಹೋಗುತ್ತಿದ್ದವನನ್ನು ಪಡಸಾಲೆಯಲ್ಲಿ ಕೂತಿದ್ದ ಭರಮಣ್ಣನ ಹೆಂಡತಿ ಕಾಂತಾ ಕಂಡು, ಎದ್ದು ಬಂದು, ಒಳಗೆ ಕರೆದಳು. ಅವಳ ಕೂದಲು ಬಾಚಿರಲಿಲ್ಲ. ನೆಂಟರನ್ನೆಲ್ಲ ಬಿಟ್ಟು ಇವನೊಬ್ಬನನ್ನೇ ಕಾಯುತ್ತಿದ್ದವಳ ಹಾಗೆ ಕಂಬಕ್ಕೆ ಒರಗಿ ನಿಂತು ಮಾತಾಡತೊಡಗಿದಳು. ಕಾರ್ಖಾನೆಯಿಂದ ನೀನೊಬ್ಬನಾದರೂ ಬಂದೆಯಲ್ಲ ಎಂದಳು. ಉಳವಪ್ಪ ತಲೆ ತಗ್ಗಿಸಿದ.

‘ನಿನ್ನ ಹೆಸರ ದಿನಾ ಬರತಿತ್ತು ಈ ಮನ್ಯಾಗ. ಉಳವಪ್ಪ ಇಲ್ಲಂದ್ರ ಕಾರ್ಖಾನಿಗೆ ಕೀಲಿ ಹಾಕೂದ, ಅಂಥಾ ಕೈ ಎಲ್ಲೂ ಇಲ್ಲ ಅಂತಿದ್ರು.’

‘ಖರೇ ಹಂಗ ಅಂತಿದ್ರೇನ್ರಿ?’

‘ಸುಳ್ಳ ಯಾಕ ಹೇಳಲಿ? ಅವನ ಮುಂದ ಮಾತ್ರ ಹೇಳಬಾರದು, ಹೇಳಿದ್ರ ಕೈ ಕೆಡತಾವ ಅಂತಿದ್ರು.’

ಈ ಮಾತಿನಿಂದ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ, ಇನ್ನೂ ಕೆಟ್ಟಿತು. ಅಡಿಗೆಮನೆಯಲ್ಲಿ ಹೊಗಳಿ ಅಂಗಳದಲ್ಲಿ ಒಡೆಸಿದನೇ? ಗೊತ್ತಿದ್ದೂ ಒಡೆಸಿದನೇ? ಗೊತ್ತಿಲ್ಲದ ಮೂರ್ಖ ಎಂದುಕೊಂಡು ಇಷ್ಟು ದಿನ ಸಹಿಸಿದ್ದು ವ್ಯರ್ಥವಾಯಿತು. ಕಾಂತಾ ಅಳುತ್ತಿದ್ದಳು. ಅಳುವಿನ ನಡುವೆ, ಮೈದುನ ಹೇಳುತ್ತಿದ್ದ ಮಾತೊಂದನ್ನು ಹೇಳಿದಳು. ಮುಂಚೆ ಎಲ್ಲಿಯೋ ಹೀಗೆಯೇ ಆಟದ ಪಿಸ್ತೂಲು ಹಿಡಿದು ಹೆದರಿಸಿದ್ದರಂತೆ, ಇವೂ ಸುಳ್ಳು ಬಾಂಬು ಇರಬಹುದು ಎಂದು ಮೈದುನನ ಅಂದಾಜು. ಅವಳು ಕಣ್ಣೊರೆಸಿಕೊಂಡು ಉಳವಪ್ಪನನ್ನೇ ನೋಡಿದಳು.

‘ನಿನಗೇನ ಅನಸ್ತದಪಾ?’

ಚೀಲ ಹೆಗಲಲ್ಲಿ ಭಾರವಾಗಿ ಜಗ್ಗುತ್ತಿತ್ತು. ಇಲ್ಲಿಯೇ ತೆಗೆದು ಈ ಮೆಟ್ಟಿಲ ಮೇಲೆ ಒಡೆದು ತೋರಿಸಬಹುದಿತ್ತು. ಮೈದುನ ಫೋನು ಮಾಡುತ್ತಿದ್ದ, ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಒಡೆದ ಮೇಲೆ ಏನಾಗುತ್ತಿತ್ತೆಂಬುದೂ ಉಳವಪ್ಪನಿಗೆ ಕಂಡಿತು. ಭರಮಣ್ಣ ಇಳಿದು ಬರುತ್ತಾನೆ, ನೆಂಟರ ನಡುವೆ ಕೂತು, ಓ ಅದು ನಮ್ಮ ಉಳವಪ್ಪನ ಕೆಲಸ, ನನಗೆ ಆಗಲೇ ಗೊತ್ತಾಗಿತ್ತು ಎನ್ನುತ್ತಾನೆ.

‘ಖರೇವ ಇರಬೇಕ್ರಿ,’ ಎಂದ ಉಳವಪ್ಪ.

ಕಾಂತಾ ಕಂಬ ಹಿಡಿದು ಕುಸಿದಳು, ಒಳಗಿನಿಂದ ಹೆಂಗಸರು ಓಡಿ ಬಂದರು. ಅವನು ಮೆಟ್ಟಿಲಿಳಿದ. ಓಣಿಯ ಕೊನೆ ಮುಟ್ಟುವ ತನಕ ಅವಳ ದನಿ ಕೇಳಿಸಿತು. ತಾನು ಪಾಪಿ ಎಂದು ಅವನಿಗೆ ಸ್ಪಷ್ಟವಾಗಿ ಅನಿಸಿತು, ಅನಿಸಿದ್ದರಿಂದ ಸ್ವಲ್ಪ ಹಗುರಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು. ಅಲ್ಲಿಂದ ನೇರ ಸ್ಟ್ಯಾಂಡಿಗೆ ಹೋಗಬೇಕಾದವನು ಕ್ಯಾಂಪಿನ ಮರಗಳ ರಸ್ತೆಯಲ್ಲಿ ನಡೆದ. ಬ್ಯಾರಕ್ಕುಗಳು ಖಾಲಿಯಾಗಿದ್ದವು, ಕ್ರಿಸ್ತರ ಇಗರ್ಜಿಯ ಮುಂದೆ ಕೆಲವರು ಮೊಣಕಾಲೂರಿದ್ದರು, ಅವರ ಪೈಕಿ ಯಾರದೋ ಮಗಳು ವಿಮಾನದಲ್ಲಿದ್ದಾಳೆಂದು ಕಾವಲುಗಾರ ಹೇಳಿದ. ಉಳವಪ್ಪ ಬೇವಿನ ಮರದ ಕೆಳಗೆ ಕೂತ. ಮಗಳು ಎಂಬ ಮಾತು ಒಳಗೆ ಹೊಕ್ಕು ಕೂತುಬಿಟ್ಟಿತು. ಭರಮಣ್ಣನೊಬ್ಬನೇ ಅಲ್ಲವಲ್ಲ ಒಳಗೆ. ಗಂಟೆ ಎರಡು ಹೊಡೆದದ್ದು ಕೇಳಿ ಬೆಚ್ಚಿ ಎದ್ದ. ಇಷ್ಟು ಹೊತ್ತು ತಾನು ಕೂತಿದ್ದು ನಿಜವೇ ಎಂದು ನಂಬಲಾಗಲಿಲ್ಲ. ಈಗ ಮಾತ್ರ ಅವನು ಓಡುವವನ ಹಾಗೆ ನಡೆದ.

ಸಾಂಬ್ರಾದ ರಸ್ತೆಯ ಮೇಲೆ ಜಾತ್ರೆಗೆ ಸೇರಿದಂತೆ ಜನ ಸೇರಿತ್ತು. ಬೇಲಿಯಾಚೆ, ಬಿಸಿಲಿನಲ್ಲಿ, ಬಾಗಿಲು ಮುಚ್ಚಿಕೊಂಡು ನಿಂತ ಸಣ್ಣ ವಿಮಾನ. ಕಿಟಕಿಗಳಿಗೆ ಪರದೆ ಎಳೆದಿದ್ದರು. ಹಗ್ಗ ಕಟ್ಟಿ ನಿಂತ ಪೊಲೀಸರನ್ನು ದಾಟಲು ಉಳವಪ್ಪ ಮೂರು ಕಡೆ ಪ್ರಯತ್ನಿಸಿದ, ಮೂರು ಕಡೆಯೂ ಲಾಠಿಯಿಂದ ಎದೆಗೆ ತಿವಿಸಿಕೊಂಡ. ಬಾಂಬಿನ ವಿಷಯ ನನಗೆ ಗೊತ್ತಿದೆ ಎಂದದ್ದಕ್ಕೆ ಪೇದೆಯೊಬ್ಬ, ಮುಂಜಾನೆಯಿಂದ ಗೊತ್ತಿದ್ದವರು ಹದಿನೈದು ಮಂದಿ ಬಂದಿದ್ದಾರೆ, ಒಬ್ಬ ಮಂತ್ರದ ನಿಂಬೆಹಣ್ಣು ತಂದಿದ್ದ, ನೀನೇನು ತಂದಿದ್ದೀ ಎಂದು ಹಲ್ಲು ಕಿರಿದ. ಬಿಡದೆ ಗೋಗರೆದ ಮೇಲೆ, ಪೀಡೆ ತೊಲಗಲಿ ಎಂದು, ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಕೊಂಡು ವೈರ್‌ಲೆಸ್ ಹಿಡಿದು ಕೂತಿದ್ದ ಪೊಲೀಸ್ ಫೌಜುದಾರನ ಮುಂದೆ ಅವನನ್ನು ತಂದು ನಿಲ್ಲಿಸಿದ. ಮೂರೂವರೆಯಾಗಿತ್ತು. ದೂರದಲ್ಲಿ ವಿಮಾನದ ಬಾಲದ ಹಿಂದೆ ಸಿಪಾಯಿಗಳು ಹೊಟ್ಟೆಯ ಮೇಲೆ ತೆವಳುತ್ತ ಸರಿಯುತ್ತಿದ್ದದ್ದು ಉಳವಪ್ಪನಿಗೆ ಕಂಡಿತು. ಬಾಂಬು ಸುಳ್ಳೂ ಇರಬಹುದು, ಇನ್ನು ಕಾಯುವುದರಲ್ಲಿ ಅರ್ಥವಿಲ್ಲ, ನಾಲ್ಕರೊಳಗೆ ನುಗ್ಗಿಬಿಡುವುದೇ ಸರಿ ಎಂಬ ಮೇಲಿನವರ ಮಾತನ್ನು ಫೌಜುದಾರ ವೈರ್‌ಲೆಸ್‌ನಲ್ಲಿ ಹೂಂ ಹೂಂ ಎಂದು ಕೇಳಿಸಿಕೊಳ್ಳುತ್ತಿದ್ದ.

ಇವರು ಹೇಗೂ ನುಗ್ಗುತ್ತಾರೆ ಎಂದು ಉಳವಪ್ಪನಿಗೆ ಒಂದು ಕ್ಷಣ ನಿರಾಳವಾಯಿತು. ತಾನು ಬಾರದಿದ್ದರೂ ನಡೆಯುತ್ತಿತ್ತು. ಮರುಕ್ಷಣವೇ ಅದು ಚುಚ್ಚಿತು. ಹಾಗಾದರೆ ತಾನು ಬಂದದ್ದು ಯಾತಕ್ಕೆ? ದಾರಿಯುದ್ದಕ್ಕೂ ಅವನು ಬಾಯಿಪಾಠ ಮಾಡಿಕೊಂಡದ್ದು, ಅವು ಮಣ್ಣಿನವು ರೀ ಎಂಬ ಮಾತು. ಫೌಜುದಾರ ತಲೆಯೆತ್ತಿ, ಅವನ ಚಪ್ಪಲಿಯಿಂದ ಶುರು ಮಾಡಿ ಟೊಪ್ಪಿಗೆಯ ತನಕ ನೋಡಿ, ಏನಲೇ ಎಂದಾಗ ಬಾಯಿಂದ ಬಂದದ್ದೇ ಬೇರೆ.

‘ಆ ಬಾಂಬ ನಾ ಮಾಡೀನ್ರಿ.’

ಫೌಜುದಾರ ನಕ್ಕುಬಿಟ್ಟ. ಅವನು ನಕ್ಕದ್ದರಿಂದ ಪೇದೆಗಳೂ ನಕ್ಕರು. ಏನು ಕೆಲಸ ಮಾಡುತ್ತೀ ಎಂದು ಕೇಳಿದ, ಖಾನಾಪುರದಲ್ಲಿ ಭರಣಿಯ ಕೆಲಸ ಎಂದದ್ದಕ್ಕೆ ಇನ್ನಷ್ಟು ನಕ್ಕ. ಗಡಿಗೆ ಮಾಡುವವನು ಬಾಂಬು ಮಾಡಿದ್ದಾನಂತೆ, ಇವನನ್ನೂ ಬರೆದುಕೊಳ್ಳಿ, ಹದಿನಾರನೆಯವನು ಎಂದ. ಚೀಲದಲ್ಲಿ ಏನಿದೆ ಎಂದು ಲಾಠಿಯ ತುದಿಯನ್ನು ಚೀಲದ ಬಾಯಿಗೆ ಹಾಕಿ ಎಳೆದ, ರೊಟ್ಟಿಯ ಗಂಟು ಧೂಳಿನಲ್ಲಿ ಬಿತ್ತು. ಪೇದೆಯ ಬೂಟು ಅದರ ಮೇಲೆಯೇ ಬಂತು. ಚಂದ್ರವ್ವ ಬೆಳಗ್ಗೆ ಐದಕ್ಕೆ ಎದ್ದು ಬಡಿದ ರೊಟ್ಟಿ. ಉಳವಪ್ಪ ಚೀಲಕ್ಕೆ ಕೈ ಹಾಕಿ, ಟವೆಲ್ ಬಿಡಿಸಿ, ತನ್ನ ಕೆಲಸವನ್ನು ಹೊರಗೆ ತೆಗೆದು ಎತ್ತಿ ಹಿಡಿದ. ತೋರುಬೆರಳು ತಾನಾಗಿಯೇ ತಂತಿಯ ಉಂಗುರದೊಳಗೆ ಹೋಗಿತ್ತು.

ನಗು ನಿಂತಿತು. ಫೌಜುದಾರ ಕುರ್ಚಿಯ ಸಮೇತ ಹಿಂದಕ್ಕೆ ಉರುಳಿ, ಹೊರಳಿ ಬೋರಲು ಬಿದ್ದ, ಅವನ ಟೊಪ್ಪಿಗೆ ಮರದ ಬುಡದ ತನಕ ಹೋಯಿತು. ಪೇದೆಗಳು ಎಲ್ಲೆಲ್ಲಿ ನಿಂತಿದ್ದರೋ ಅಲ್ಲಲ್ಲೇ ಮಲಗಿದರು. ಹಗ್ಗದ ಆಚೆಯ ಜನ ಒಂದೇ ಸಲಕ್ಕೆ ಕೂಗಿ ಓಡಿತು, ರಸ್ತೆಯ ತುಂಬ ಚಪ್ಪಲಿ, ಶೇಂಗಾದ ಬುಟ್ಟಿ, ಒಂದು ಸೈಕಲ್ಲು ಉಳಿದವು. ಆಮೇಲೆ ಸದ್ದಿಲ್ಲ. ಉಳವಪ್ಪ ಒಬ್ಬನೇ ನಿಂತಿದ್ದ. ಇದು ಮಣ್ಣು ಎಂದು ಹೇಳಬೇಕು. ಎರಡೇ ಮಾತು. ಹೇಳಿದರೆ ಇವರೆಲ್ಲ ಏಳುತ್ತಾರೆ, ಧೂಳು ಕೊಡವಿಕೊಳ್ಳುತ್ತಾರೆ, ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ, ಆಮೇಲೆ ತಾವು ಬಿದ್ದದ್ದನ್ನು ಮರೆಯುವ ತನಕ ಅವನನ್ನು ಹೊಡೆಯುತ್ತಾರೆ. ಹೊಡೆಯಲಿ. ಹೇಳುತ್ತೇನೆ. ಇನ್ನೊಂದು ಗಳಿಗೆ ಇವರು ಹೀಗೆ ಮಲಗಿರಲಿ, ಆಮೇಲೆ ಹೇಳುತ್ತೇನೆ.

ನೆಲಕ್ಕೆ ಗಲ್ಲ ಒತ್ತಿದ್ದ ಫೌಜುದಾರ ಬಹಳ ಮೆತ್ತಗಿನ ದನಿಯಲ್ಲಿ ಮಾತಾಡಿದ.

‘ಏನ ಬೇಕ್ರಿ ನಿಮಗ? ಹೇಳ್ರಿ. ಮ್ಯಾಲಿನವರಿಗೆ ಹೇಳಿ ಕೊಡಸ್ತೀನಿ.’

ಏನು ಬೇಕು ಎಂದು ಈ ತನಕ ಯಾರೂ ಉಳವಪ್ಪನನ್ನು ಕೇಳಿರಲಿಲ್ಲ. ಅವನು ನಿಜವಾಗಿಯೂ ಹುಡುಕಿದ. ಬೇಕಾದದ್ದು ಏನಾದರೂ ಇತ್ತೇ? ಇದ್ದಿರಬೇಕು, ಯಾವಾಗಲೋ ಇತ್ತು, ಈಗ ಸಿಗಲಿಲ್ಲ. ಹುಡುಕುತ್ತ ನಿಂತದ್ದನ್ನು ಫೌಜುದಾರ ಬೇರೆಯೇ ಅರ್ಥದಲ್ಲಿ ತಿಳಿದ.

‘ನೀವು ಅವರ ಪೈಕಿ ಏನ್ರಿ?’

ಅಲ್ಲ ಎಂದರೆ ಮುಂದಿನ ಮಾತು ಹೇಳಲೇಬೇಕು. ಅಲ್ಲ ಎಂದರೆ ಮತ್ತೆ ಭರಣಿಯವನು. ಉಳವಪ್ಪ ನೆಲದ ಮೇಲೆ ಬಿದ್ದ ಬೆನ್ನುಗಳನ್ನೆಲ್ಲ ಒಂದು ಸಲ ನೋಡಿದ.

‘ಹೌದು,’ ಎಂದ.

ಫೌಜುದಾರ ಮಲಗಿದಲ್ಲಿಂದಲೇ ವೈರ್‌ಲೆಸ್ಸನ್ನು ಬಾಯಿಯ ಹತ್ತಿರ ಎಳೆದುಕೊಂಡ. ಹೊರಗೆ ಅವರ ಕಡೆಯ ಮೂರನೆಯವನೊಬ್ಬ ಇದ್ದಾನೆ, ಅವನ ಕೈಯಲ್ಲಿಯೂ ಬಾಂಬು ಇದೆ, ನಾನು ಎರಡು ಮಾರು ದೂರದಿಂದ ನೋಡುತ್ತಿದ್ದೇನೆ, ಅವು ಖರೇ ಬಾಂಬು, ಸುಳ್ಳಲ್ಲ, ಇನ್ನೂ ಎಷ್ಟು ಮಂದಿ ಎಲ್ಲೆಲ್ಲಿದ್ದಾರೋ ಗೊತ್ತಿಲ್ಲ, ಯಾರೂ ಒಳಗೆ ನುಗ್ಗಬಾರದು ಎಂದು ತಿಳಿಸಿದ. ಅತ್ತಲಿಂದ ಏನೋ ಗೊರಗೊರ ಸದ್ದು ಬಂತು. ಉಳವಪ್ಪ ಬಾಯಿ ತೆರೆದ, ಎತ್ತಿದ ಕೈಯನ್ನು ಮಾತ್ರ ಇಳಿಸಲಿಲ್ಲ. ವಿಮಾನದ ಬಾಗಿಲಿನ ಕೆಳಗಿನ ತನಕ ಹೋಗಿದ್ದ ಸಿಪಾಯಿಗಳು ಒಬ್ಬೊಬ್ಬರಾಗಿ ಹಿಂದಕ್ಕೆ ತೆವಳತೊಡಗಿದರು. ಆಗ ಗಂಟೆ ಮೂರೂ ಮುಕ್ಕಾಲು.